ಸೊಲ್ಲು ಹಿಡಿದವಳು

ಕಿವಿಯ ಪಕ್ಕದಲ್ಲೇ ಯಾರೋ ಮೊರದ ಮೇಲೆ ಉಗುರಿನಿಂದ ಒಮ್ಮೆ ಕೆರೆದಂತೆ ಸಣ್ಣ ಸದ್ದಾಯಿತು. ಸಂಘಮಿತ್ರಾ ಇಯರ್‌ಫೋನ್ ಕಿತ್ತು, ಕತ್ತಲಲ್ಲಿ ಎದ್ದು ಕುಳಿತು ಆಲಿಸಿದಳು. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಕೌಲ್‌ಬಜಾರಿನ ಕಡೆ ಒಂದು ನಾಯಿ ಬೊಗಳಿ ಸುಮ್ಮನಾಯಿತು. ಆ ಸದ್ದು ಮನೆಯೊಳಗಿನದಲ್ಲ. ಮತ್ತೆ ಇಯರ್‌ಫೋನ್ ಹಾಕಿಕೊಂಡು ಹಾಡನ್ನು ಸ್ವಲ್ಪ ಹಿಂದಕ್ಕೆ ಎಳೆದು ಕೇಳಿದಳು. ಅಲ್ಲೇ ಇತ್ತು. ಹಾಡುವ ಹುಡುಗಿ ‘ಕರೆದಳು’ ಎಂಬ ಪದವನ್ನು ತುಂಡು ತುಂಡು ಮಾಡಿ ಹಾಡಿ ನಿಲ್ಲಿಸುತ್ತಾಳೆ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಜಾಗದಲ್ಲಿ ಈ ಕೆರೆತ.

“ಇನ್ನಾ ಅದನ್ನಽ ಕೇಳಾಕತ್ತಿಯೇನು?” ಗಂಡ ರಾಮಾಂಜಿನಿ ಹೊದಿಕೆಯೊಳಗಿಂದಲೇ ಕೇಳಿದ. ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು, ದಿನವಿಡೀ ಸುಟ್ಟ ಮೋಟಾರುಗಳ ಜೊತೆ ಕಳೆದು ಬರುತ್ತಾನೆ.

“ರೀ, ಇದರಾಗ ನಡುವ ಒಂದು ಸದ್ದು ಬರ್ತೈತಿ. ಏನಂತ ಕೇಳ್ರಿ ಒಂಚೂರು.”

“ಒಂದಾ? ನನಗ ಪೂರಾ ಹಾಡಽ ಸದ್ದು ಅನ್ನಿಸ್ತು. ಬೋರಿನ್ಯಾಗ ನೀರು ತೀರಿದ ಮ್ಯಾಲೆ ಮೋಟ್ರು ಹಿಂಗಽ ಹಾಡತೈತಿ. ಮಲಕ್ಕ, ಮುಂಜಾನೆ ಬಿಚ್ಚಿ ನೋಡೋಣು.”

ಅವನು ಮಗ್ಗುಲಾದ. ಅವಳಿಗೆ ನಗು ಬರಲಿಲ್ಲ.

ಹಾಡು ಅವಳದೇ ಕವಿತೆ. ಬಳ್ಳಾರಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ಅವಳು ಆಗೊಮ್ಮೆ ಈಗೊಮ್ಮೆ ಬರೆಯುವ ಕವಿತೆಗಳನ್ನು ಗಂಡನೂ ಓದುವುದಿಲ್ಲ. ಒಂದು ವಿಶೇಷಾಂಕದಲ್ಲಿ ಬಂದ ನಾಲ್ಕು ಸಾಲನ್ನು ಕುರುಗೋಡಿನ ಗವಿಸಿದ್ದೇಶ್ ಓದಿ, ಹಾಡು ಮಾಡಲೇ ಎಂದು ಕೇಳಿದ್ದ.

ಗದ್ದೆಯ ಬದುವಿನ ಮೇಲೆ ನಿಂತು
ಅವ್ವ ಕರೆದಳು.
ನೀರಿಗೆ ಕೇಳಿತು, ನೆರಳಿಗೆ ಕೇಳಿತು,
ನನಗೆ ಗಾಳಿಯಷ್ಟೇ ಬಂತು.

ಗವಿಸಿದ್ದೇಶ್ ಮೊದಲು ಹಿಂದೂಸ್ತಾನಿ ಕಲಿತು, ಆಮೇಲೆ ಹೊರಗೆಲ್ಲೋ ಹೋಗಿ ಬೇರೆ ಬಗೆಯ ಸಂಗೀತ ಕಟ್ಟುವುದನ್ನು ಕಲಿತು ಬಂದವನು. ರಾಗ ಬೇಡ, ತಾಳ ಬೇಡ, ಪದ ಬಾಯಿಗೆ ಬರುವ ಮೊದಲು ಉಸಿರು ಹೇಗೆ ಒದ್ದಾಡುತ್ತದೋ ಅಲ್ಲಿಂದ ಹಾಡು ಶುರುವಾಗಬೇಕು ಎನ್ನುವವನು. ಅವನು ಕಳಿಸಿದ ಹಾಡನ್ನು ಕೇಳಿ ಸಂಘಮಿತ್ರಾಳಿಗೆ ತಲೆ ಬುಡ ತಿಳಿಯಲಿಲ್ಲ. ‘ಚೆನ್ನಾಗಿದೆ’ ಎಂದು ಬರೆದು ಅಳಿಸಿದಳು. ‘ವಿಭಿನ್ನವಾಗಿದೆ’ ಎಂದು ಬರೆದು, ಬೈದಂತಾಯಿತೇನೋ ಎಂದು ಅದನ್ನೂ ಅಳಿಸಿದಳು. ಕೊನೆಗೆ ‘ಕೇಳಿದೆ’ ಎಂದಷ್ಟೇ ಕಳಿಸಿದ್ದಳು.

ಇನ್ನೊಂದು ಸಲ ಕೇಳಿದಾಗ ಆ ಸದ್ದು ಏನೆಂದು ತಿಳಿಯಿತು. ತಿಳಿಯಿತೋ, ಹಾಗೆ ಅನ್ನಿಸಿತೋ. ಅದು ಅವ್ವ ಮಾತಾಡುವ ಮೊದಲು ಎಳೆದುಕೊಳ್ಳುವ ಉಸಿರು.

ಅವಳ ಅವ್ವ ಉಚ್ಚೆಂಗೆಮ್ಮ ಕರೂರಿನಲ್ಲಿದ್ದಾಳೆ. ಭತ್ತದ ನಾಟಿಗೆ ಹೋಗುವ ಹೆಂಗಸರಲ್ಲಿ ಹಾಡು ಎತ್ತುವವಳು ಅವಳೇ ಆಗಿದ್ದಳು. ಒಬ್ಬಳು ಸಾಲು ಎತ್ತಿದರೆ ಉಳಿದವರು ಅದರ ಕೊನೆಯನ್ನು ಹಿಡಿದು ತಿರುಗಿ ಹಾಡುತ್ತಾರೆ. ಅದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ಹೋದ ವರ್ಷ ಗಂಟಲಲ್ಲಿ ಗಡ್ಡೆ ಬೆಳೆಯಿತು. ಗಡ್ಡೆ ತೆಗೆದರೆ ಧ್ವನಿಯ ನರ ಉಳಿಯುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಜೀವ ಉಳಿಯಿತು. ಧ್ವನಿಯ ಜಾಗದಲ್ಲಿ ಒಡೆದ ಬಿದಿರಿನೊಳಗೆ ಗಾಳಿ ಹೊಕ್ಕಂಥ ಒಂದು ಸದ್ದು ಉಳಿಯಿತು. ಅಂದಿನಿಂದ ಅವ್ವ ನಾಟಿಗೆ ಹೋಗಲಿಲ್ಲ, ಹೊರಗಿನವರ ಮುಂದೆ ಬಾಯಿ ಬಿಡಲಿಲ್ಲ. ಅಂಗಡಿಗೆ ಹೋದರೂ ಬೆರಳಿನಿಂದ ತೋರಿಸಿ ತರುತ್ತಾಳೆ. ಮನೆಯಲ್ಲಿ ಯಾರೂ ಇಲ್ಲದಾಗ ಮಗಳಿಗೆ ಫೋನಿನಲ್ಲಿ ಧ್ವನಿ ಸಂದೇಶ ಕಳಿಸುತ್ತಾಳೆ. ಕೊನೆಯಲ್ಲಿ ಒಂದು ಮಾತು ಯಾವಾಗಲೂ ಇರುತ್ತದೆ: “ಕೇಳಿ ಅಳಿಸಿಬಿಡು ಸಂಗಮ್ಮಾ. ಯಾರಿಗೂ ಕೇಳಸಬ್ಯಾಡ.”

ಬೌದ್ಧ ದೀಕ್ಷೆ ತೆಗೆದುಕೊಂಡ ಹುರುಪಿನಲ್ಲಿ ಅಪ್ಪ ಇಟ್ಟ ಹೆಸರು ಸಂಘಮಿತ್ರಾ. ಅವ್ವನ ಬಾಯಲ್ಲಿ ಅದು ಮೊದಲ ದಿನದಿಂದಲೂ ಸಂಗಮ್ಮ.

ಕರೂರಿನ ಕಡೆಯ ಮಾತಿನ ಏರಿಳಿತ ಹೇಗಿರುತ್ತದೆ ಎಂದು ಗವಿಸಿದ್ದೇಶ್ ಕೇಳಿದಾಗ ಅವಳು ಅಂಥದೊಂದು ಸಂದೇಶವನ್ನು ಅವನಿಗೆ ದಾಟಿಸಿದ್ದಳು. ಶೇಂಗಾ ಕಿತ್ತಿದ್ದೇವೆ, ಐತವಾರ ಬಾರವ್ವಾ ಎನ್ನುವ ಎರಡು ಮಾತು. ಅದರಲ್ಲಿ ಏನಿದೆ ಎಂದುಕೊಂಡಿದ್ದಳು.

ಮರುದಿನ ಕಾಲೇಜಿಗೆ ರಜೆ ಹಾಕಿ ಕುರುಗೋಡಿನ ಬಸ್ಸು ಹತ್ತಿದಳು. ಹೇಗೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಬಂಡೆಗಳ ಗುಡ್ಡ ಕಾಣುವ ಹೊತ್ತಿಗೆ ಜೋಡಿಸಿದ್ದೆಲ್ಲ ಬಿಚ್ಚಿಹೋಗಿತ್ತು.

ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಗವಿಸಿದ್ದೇಶ್ ಒಂದು ಹಳೆಯ ಪೆಟ್ಟಿಗೆಯ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದ. ಹಾರ್ಮೋನಿಯಂ ಅದು, ಅದರ ಹಿತ್ತಾಳೆಯ ನಾಲಿಗೆಗಳ ನಡುವೆ ಬಸ್ ಟಿಕೆಟಿನ ಚೂರುಗಳನ್ನು ಸಿಕ್ಕಿಸುತ್ತಿದ್ದ. ಹಾಡುವ ಮೌನಿಕಾ ಕಿಟಕಿಯ ಬಳಿ ಕುಳಿತು ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದಳು. ಬಳ್ಳಾರಿಯ ಮದುವೆಗಳಲ್ಲಿ ತೆಲುಗು, ಕನ್ನಡ ಸಿನಿಮಾ ಹಾಡು ಹಾಡುವ ಹುಡುಗಿ.

“ಬರ್ರಿ ಮೇಡಂ, ಕುಂದರ್ರಿ. ಆ ಕಲ್ಲಿನ ಮ್ಯಾಲೆ ಬ್ಯಾಡ, ಅದು ವಾದ್ಯ,” ಎಂದ ಗವಿಸಿದ್ದೇಶ್.

ಸಂಘಮಿತ್ರಾ ಗಾಬರಿಯಿಂದ ಸರಿದು ಚಾಪೆಯ ಮೇಲೆ ಕುಳಿತಳು. “ಸರ್, ಹಾಡಿನ್ಯಾಗ ಒಂದು ಕಡೆ ಒಂದು ಉಸಿರು ಐತಲ್ರಿ…”

“ಕೇಳಿಸ್ತಾ?” ಅವನ ಮುಖ ಅರಳಿತು. “ನೋಡಬೇ ಮೌನಿಕಾ! ಮೇಡಂಗ ಗೊತ್ತಾಗತೈತಿ ಅಂತ ನಾ ಹೇಳಿದ್ದೆ.”

“ಹೇಳಿದ್ರಿ ಹೇಳಿದ್ರಿ. ಇವತ್ತಿನ ಮಿರ್ಚಿ ರೊಕ್ಕ ನಂದಽ,” ಎಂದು ಮೌನಿಕಾ ಮುಖ ಸಿಂಡರಿಸಿದಳು.

“ಅದು ನಮ್ಮವ್ವನ ಧ್ವನಿ.”

“ಹೌದ್ರಿ. ನೀವಽ ಕಳಿಸಿದ್ರಲ್ಲ.”

“ಮಾತು ಹೆಂಗಿರತೈತಿ ಅಂತ ತಿಳಿಯಲಿ ಅಂತ ಕಳಿಸಿದ್ದೆ. ಹಾಡಿಗೆ ಹಾಕ್ರಿ ಅಂದಿದ್ದಿಲ್ಲ.”

ಗವಿಸಿದ್ದೇಶನ ಕೈ ನಿಂತಿತು. ಅವನು ವಾದ ಮಾಡುತ್ತಾನೆ, ಕಲೆ ಗಿಲೆ ಎಂದು ದೊಡ್ಡ ಮಾತಾಡುತ್ತಾನೆ ಎಂದುಕೊಂಡು ಬಂದಿದ್ದಳು. ಅವನು ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ಅವಳನ್ನೇ ನೋಡಿದ.

“ಬ್ಯಾಡಾಗಿತ್ತೇನ್ರಿ? ನೀವು ಕವಿತಿ ಬರದದ್ದು ಆ ಧ್ವನಿ ಬಗ್ಗೇನಽ ಅಂದ್ಕೊಂಡೆ. ಅದಕ್ಕ ಧೈರ್ಯ ಮಾಡಿದೆ. ತಗೀರಿ ಅಂದ್ರ ತಗೀತೀನಿ.”

ಅವನು ಗುಂಡಿಯೊಂದನ್ನು ಒತ್ತಿದ. ಮೊದಲು ಆ ಉಸಿರು. ಆಮೇಲೆ, ಎಳೆದು ಎಳೆದು ಹಗ್ಗದಷ್ಟು ಉದ್ದ ಮಾಡಿದ ಒಂದು ಪದ: ಬಾರವ್ವಾ. ರಾತ್ರಿ ಅದನ್ನು ಅವಳು ಪದವೆಂದೇ ಗುರುತಿಸಿರಲಿಲ್ಲ.

“ಇದಿಲ್ಲಂದ್ರ ನಾ ಯಾರ ಕೂಡ ಹಾಡ್ಲಿ ಮೇಡಂ?” ಎಂದಳು ಮೌನಿಕಾ, ಈಗ ತಮಾಷೆ ಬಿಟ್ಟು. “ನಾ ಹಾಡ್ತೀನಿ, ಆಕಿ ಕರೀತಾರ, ನಾ ಮತ್ತ ಹಾಡ್ತೀನಿ. ಅವರು ಇಲ್ಲಂದ್ರ ನಾ ಸುಮ್ಮನ ಗ್ವಾಡಿಗೆ ಹಾಡಿದಂಗ.”

ಬೇಡ ಎನ್ನಲು ಸಂಘಮಿತ್ರಾ ಬಾಯಿ ತೆರೆದಳು. ಅಷ್ಟರಲ್ಲಿ ಒಂದು ಪ್ರಶ್ನೆ ಅಡ್ಡ ಬಂತು. ಕವಿತೆ ಬರೆಯುವಾಗ ತಾನು ಅವ್ವನನ್ನು ಕೇಳಿದ್ದಳೇ? ಕೇಳಿರಲಿಲ್ಲ. ಅವ್ವನ ಹೋದ ಧ್ವನಿಯನ್ನು ನಾಲ್ಕು ಸಾಲು ಮಾಡಿ ಅಚ್ಚಿಗೆ ಕೊಟ್ಟಿದ್ದಳು. ಅದು ತಪ್ಪಲ್ಲವಾದರೆ ಇದು ಹೇಗೆ ತಪ್ಪು? ಇದು ತಪ್ಪಾದರೆ ಅದು? ಕವಿತೆಯಲ್ಲಿ ಕೇಳಿಸದೆ ಹೋದದ್ದನ್ನು ಇವನು ಕೇಳಿಸಿದ್ದಾನೆ. ಅದರಿಂದ ಕವಿತೆ ಉಳಿಯಿತೋ ಕೆಟ್ಟಿತೋ ಎಂಬುದೂ ಅವಳಿಗೆ ಹೊಳೆಯಲಿಲ್ಲ.

“ವಿಚಾರ ಮಾಡಿ ಹೇಳ್ತೀನ್ರಿ,” ಎಂದು ಎದ್ದಳು. ಹೇಳಲೇ ಇಲ್ಲ. ಹೌದು ಎಂದು ಬರೆದರೆ ಒಂದು ಭಯ, ಬೇಡ ಎಂದು ಬರೆದರೆ ಇನ್ನೊಂದು. ಅಳಿಸಿ ಅಳಿಸಿ, ಬಳ್ಳಾರಿಯ ರಂಗಮಂದಿರದಲ್ಲಿ ಆ ಹಾಡು ಹಾಡಬೇಕಿದ್ದ ಕಾರ್ಯಕ್ರಮದ ದಿನವೇ ಬಂದುಬಿಟ್ಟಿತು. ಒಂದೇ ಸಮಾಧಾನ ಎಂದರೆ ಅವ್ವ ಕರೂರಿನಲ್ಲಿದ್ದಾಳೆ, ಹಾಡು ಬಳ್ಳಾರಿಯಲ್ಲಿ. ಅವ್ವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಅಂದು ಮಧ್ಯಾಹ್ನ ಬಾಗಿಲು ತೆರೆದರೆ ಅವ್ವ ನಿಂತಿದ್ದಳು. ಹೊಸ ಇಳಕಲ್ ಸೀರೆ, ಗಂಟಲಿನ ಗಾಯ ಕಾಣದಂತೆ ಸುತ್ತಿದ ಸೆರಗು, ಕೈಯಲ್ಲಿ ಹಸಿ ಶೇಂಗಾದ ಚೀಲ.

ಹಿಂದಿನಿಂದ ಆಟೋದವನಿಗೆ ದುಡ್ಡು ಕೊಟ್ಟು ರಾಮಾಂಜಿನಿ ಬಂದ. “ಹೆಂಗ? ಅತ್ತಿಗೆ ನಾನಽ ಫೋನ್ ಹಚ್ಚಿದ್ದೆ. ಮಗಳ ಹಾಡು ಐತಿ, ಸಿರುಗುಪ್ಪಕ್ಕ ಬಂದು ಬಳ್ಳಾರಿ ಬಸ್ ಹಿಡೀರಿ ಅಂದೆ. ಮೋಟ್ರು ಹಾಡೋ ಹಾಡು, ನಾ ಒಬ್ಬನಽ ಯಾಕ ಅನುಭವಿಸ್ಲಿ?”

“ಅವ್ವಾ, ಅದು ನಿನಗ ತಿಳಿಯಂಗಿಲ್ಲ. ಬ್ಯಾರೆ ನಮೂನಿ ಹಾಡದು. ನೀ ಮನ್ಯಾಗ ಅಡ್ಡಾಗು.”

ಉಚ್ಚೆಂಗೆಮ್ಮ ಮಗಳನ್ನು ದಿಟ್ಟಿಸಿ, ಉಸಿರೆಳೆದು, ಗಾಳಿಯಂಥ ಧ್ವನಿಯಲ್ಲಿ ಹೇಳಿದಳು: “ನಿನ್ನ ಹೆತ್ತಾಗ ನೀ ಏನು ತಿಳಿಯಂಗ ಅಳ್ತಿದ್ದಿಯೇನು? ಬರ್ತೀನಿ ನಡಿ.”

ಸಂಘಮಿತ್ರಾ ಬಚ್ಚಲಿಗೆ ಹೋಗಿ ಗವಿಸಿದ್ದೇಶನಿಗೆ ಫೋನು ಹಚ್ಚಿದಳು. ಅವನು ಎತ್ತಲಿಲ್ಲ. ‘ಆ ಧ್ವನಿ ತೆಗೆಯಿರಿ’ ಎಂದು ಬರೆದಳು. ಕಳಿಸಿದಳು, ಈ ಸಲ ಅಳಿಸಲಿಲ್ಲ. ಅವನು ಅದನ್ನು ನೋಡಿದ ಗುರುತು ಬರಲೇ ಇಲ್ಲ.

ರಂಗಮಂದಿರದಲ್ಲಿ ಅವಳು ಹಿಂದಿನ ಸಾಲು ಆರಿಸಿಕೊಂಡಳು, ಬಾಗಿಲ ಹತ್ತಿರ. ಬೇಕಾದರೆ ಅವ್ವನ ಕೈ ಹಿಡಿದು ಎದ್ದುಬಿಡಬಹುದು. ಮುಂದೆ ಕಾಲೇಜಿನವರು, ಒಂದಿಷ್ಟು ಸಂಗೀತಗಾರರು, ಸುಮ್ಮನೆ ತಂಪಿಗೆ ಬಂದ ನಾಲ್ಕಾರು ಜನ. ದೀಪ ಆರಿತು. ಗವಿಸಿದ್ದೇಶ್ ಹಾರ್ಮೋನಿಯಂನ ತಿದಿಯನ್ನಷ್ಟೇ ಎಳೆದ. ಸ್ವರ ಬರಲಿಲ್ಲ, ಕಾಗದ ನಡುಗುವ ಸದ್ದು ಬಂತು. ಎರಡು ಕಲ್ಲನ್ನು ಮೆಲ್ಲಗೆ ತಿಕ್ಕಿದ. ಮುಂದೆ ಯಾರೋ ಕೆಮ್ಮಿದರು. ಅದೂ ಹಾಡಿನದೇ ಇರಬಹುದೆಂದು ಪಕ್ಕದವನು ಅವರ ಕಡೆ ನೋಡಿದ.

ಮೌನಿಕಾ ಹಾಡಿದಳು. ಗ… ದ್ದೆ… ಯ… ಅಕ್ಷರಗಳು ಕೆಸರಿನಿಂದ ಕಾಲು ಕಿತ್ತಂತೆ ಒಂದೊಂದೇ ಬಂದವು. ಸಂಘಮಿತ್ರಾ ತಾನೇ ಬರೆದ ಸಾಲನ್ನು ಗುರುತು ಹಿಡಿಯಲಾರದೆ ಕುಳಿತಳು. ಕರೆ… ದ… ಳು. ಅವನು ಸಂದೇಶ ನೋಡಿದ್ದಾನೋ ಇಲ್ಲವೋ.

ನೋಡಿರಲಿಲ್ಲ. ಸ್ಪೀಕರಿನಿಂದ ಆ ಉಸಿರು ಬಂತು, ಸಭಾಂಗಣದ ತುಂಬ. ಆಮೇಲೆ ಬಾರವ್ವಾ, ಸೀಳಿದ, ಮುಚ್ಚುಮರೆಯಿಲ್ಲದ ಧ್ವನಿಯಲ್ಲಿ.

ಅವ್ವ ಮಗಳ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು. ಕತ್ತಲಲ್ಲಿ ಮುಖ ಕಾಣಲಿಲ್ಲ. ಈಗ ಏಳುತ್ತಾಳೆ, ಎದ್ದು ಹೋಗುತ್ತಾಳೆ, ಇನ್ನೆಂದೂ ನನಗೆ ಒಂದು ಮಾತೂ ಕಳಿಸುವುದಿಲ್ಲ. ಊರ ಮುಂದೆ ಮುಚ್ಚಿದ ಬಾಯಿ ನನಗೂ ಮುಚ್ಚಿಹೋಗುತ್ತದೆ. ಸಂಘಮಿತ್ರಾ ಎದ್ದೇಳಲು ಕಾಲು ಸರಿಮಾಡಿಕೊಂಡಳು.

ಹಾಡಿನಲ್ಲಿ ಈಗ ಏನೂ ಇರಲಿಲ್ಲ. ಗವಿಸಿದ್ದೇಶ್ ಅಲ್ಲಿ ಉದ್ದಕ್ಕೂ ಮೌನ ಬರೆದಿದ್ದ. ಮೌನಿಕಾ ಕಣ್ಣು ಮುಚ್ಚಿ ನಿಂತಿದ್ದಳು. ಮತ್ತೊಮ್ಮೆ ಸ್ಪೀಕರು ಕರೆಯಿತು: ಬಾರವ್ವಾ. ಮತ್ತೆ ಮೌನ. ಯಾರೂ ಮಿಸುಕಲಿಲ್ಲ.

ಆಗ ಪಕ್ಕದಿಂದ ಅವ್ವ ಸೊಲ್ಲು ಹಿಡಿದಳು.

“ಬಾರವ್ವಾ…”

ನಾಟಿಯ ಗದ್ದೆಯ ಧಾಟಿ. ಒಡಕು ಧ್ವನಿ ಏರಲಾರದೆ ಏರಿ, ನಡುವೆ ಕಡಿದು, ಗಾಳಿಯಾಗಿ, ಮತ್ತೆ ಕೂಡಿಕೊಂಡಿತು. ಮುಂದಿನ ಸಾಲುಗಳ ತಲೆಗಳು ಹಿಂದಕ್ಕೆ ತಿರುಗಿ ಕತ್ತಲಲ್ಲಿ ಹುಡುಕಿದವು. ಇದೂ ಸೇರಿಸಿದ್ದೇ ಇರಬೇಕೆಂದುಕೊಂಡು ಮತ್ತೆ ಮುಂದೆ ತಿರುಗಿದವು. ವೇದಿಕೆಯ ಮೇಲೆ ಮೌನಿಕಾ ಕಣ್ಣು ತೆರೆದಳು. ಅವಳು ಹಾಡಬೇಕಾದ ಜಾಗ ಅದಲ್ಲ, ಆದರೂ ಹಾಡಿದಳು. ಸ್ಪೀಕರಿನ ಧ್ವನಿ ಇನ್ನೊಮ್ಮೆ ಕರೆದಾಗ ಅವ್ವ ಇನ್ನೊಮ್ಮೆ ಹಿಡಿದಳು, ಈ ಸಲ ಮೊದಲಿಗಿಂತ ಗಟ್ಟಿಯಾಗಿ.

ಹಾಡು ಹೇಗೆ ಮುಗಿಯಿತೋ ಸಂಘಮಿತ್ರಾಳಿಗೆ ನೆನಪಿಲ್ಲ. ಚಪ್ಪಾಳೆ ಬೀಳುತ್ತಿದ್ದಂತೆಯೇ ಅವ್ವನನ್ನು ಎಬ್ಬಿಸಿ ಹೊರಗೆ ಕರೆತಂದಳು. ರಾಮಾಂಜಿನಿ ಗಾಡಿ ತರಲು ಓಡಿದ. ಓಡುವಾಗಲೂ ತಿರುಗಿ ತಿರುಗಿ ನೋಡಿದ: “ಅತ್ತಿ ಹಾಡಿದ್ರಲ್ಲಲೇ! ಅಷ್ಟು ಮಂದಿ ಮುಂದ!”

ಹೊರಗಿನ ಬೆಳಕಿನಲ್ಲಿ ಅವ್ವನ ಮುಖ ನೋಡಲು ಅವಳಿಗೆ ಅಂಜಿಕೆಯಾಯಿತು. ನೋಡಿದಳು. ಕೋಪವಿರಲಿಲ್ಲ.

“ಆಕಿ ಯಾರವಾ?” ಎಂದಳು ಅವ್ವ.

“ಯಾರು?”

“ಡಬ್ಬಿ ಒಳಗಿಂದ ಕರೀತಿದ್ಲಲ್ಲ, ಆಕಿ. ಪಾಪ, ನನ್ನಂಗ ಆಗೈತಿ ಗಂಟ್ಲು. ಆದ್ರೂ ಎಷ್ಟು ಧೈರ್ಯ ನೋಡು, ಅಷ್ಟು ಮಂದಿ ಮುಂದ ಎತ್ತಿದ್ಲು. ಕರ್ದಽ ಕರೀತಾಳ, ಒಬ್ಬರೂ ಸೊಲ್ಲು ಹಿಡೀವಲ್ರು. ಓದಿದ ಮಂದಿ ಏನವಾ ನೀವು? ಎತ್ತಿದಾಕಿನ್ನ ಹಂಗ ನಡುನೀರಾಗ ಬಿಡ್ತಾರೇನು?”

ಸಂಘಮಿತ್ರಾಳಿಗೆ ಆಗ ಹೊಳೆಯಿತು. ಅವ್ವ ತನ್ನ ಈಗಿನ ಧ್ವನಿಯನ್ನು ಹೊರಗಿನಿಂದ ಕೇಳಿಯೇ ಇರಲಿಲ್ಲ. ಸಂದೇಶ ಕಳಿಸುತ್ತಾಳೆ, ತಿರುಗಿ ಎಂದೂ ಕೇಳುವುದಿಲ್ಲ. ಅವಳಿಗೆ ಗೊತ್ತಿರುವ ತನ್ನ ಧ್ವನಿ ಎಂದರೆ ಒಳಗಿಂದ ಕೇಳುವುದು.

“ನನಗಿಂತ ಚಲೋ ಐತಿ ಆಕಿದು,” ಎಂದಳು ಅವ್ವ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ. “ದಪ್ಪ ಐತಿ. ನಂದು ಪೀಚು. ಎಲ್ಲಿಯಾಕಿ?”

“ರಾರಾವಿ ಕಡಿಯಾಕಿ ಅಂತ,” ಎಂದುಬಿಟ್ಟಳು ಸಂಘಮಿತ್ರಾ. ಯಾಕೆ ಆ ಊರಿನ ಹೆಸರೇ ಬಾಯಿಗೆ ಬಂತೋ ಅವಳಿಗೇ ತಿಳಿಯದು.

“ರಾರಾವಿಯಾಕಿಯಾ? ನಮ್ಮ ಮಗ್ಗಲಾಕಿ ಹಂಗಿದ್ರ! ಹೆಸರೇನು?”

“ಕೇಳಿ ಹೇಳ್ತೀನವ್ವ.”

ಮಾರನೆಯ ದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಉಚ್ಚೆಂಗೆಮ್ಮ ಸೆರಗನ್ನು ಗಂಟಲಿಗೆ ಸುತ್ತಿಕೊಂಡಿರಲಿಲ್ಲ, ಸೆಕೆಯೆಂದು ಹೆಗಲಿಗೆ ಎಸೆದಿದ್ದಳು. ಮಗಳು ಕೇಳುವ ಮೊದಲೇ ಮುಂದೆ ಹೋಗಿ ಕಂಡಕ್ಟರನ ಎದುರು ನಿಂತು, “ಸಿರುಗುಪ್ಪಕ್ಕ ಹೊಕ್ಕೈತೇನಪ್ಪಾ ಇದು?” ಎಂದಳು.

“ಹೊಕ್ಕೈತಿ, ಹತ್ತಮ್ಮ. ಏನು, ಥಂಡಿ ಹಿಡದೈತೇನು?”

“ಥಂಡಿ ಅಲ್ಲಲೇ ತಮ್ಮಾ, ನನ್ನ ಗಂಟ್ಲಽ ಹಿಂಗ. ರಾರಾವಿಯಾಗ ಇನ್ನೊಬ್ಬಾಕಿ ಅದಾಳಂತ. ನಿನ್ನ ಬಸ್ಸಿಗೆ ಬಂದ್ರ ನನಗ ಹೇಳು.”

ಕಂಡಕ್ಟರ್ ನಕ್ಕ. ಅವ್ವನೂ ನಕ್ಕಳು, ಕೀರಲು ಸದ್ದಿನಲ್ಲಿ, ಬಾಯಿಗೆ ಕೈ ಅಡ್ಡ ಹಿಡಿಯದೆ.

ಅಷ್ಟರಲ್ಲಿ ಸಂಘಮಿತ್ರಾಳ ಫೋನು ಬಡಿದುಕೊಂಡಿತು. ಗವಿಸಿದ್ದೇಶ್. ಅವಳು ಕಂಬದ ಮರೆಗೆ ಸರಿದಳು.

“ಮೇಡಂ, ನಿಮ್ಮ ಮೆಸೇಜು ರಾತ್ರಿ ನೋಡಿದೆ, ಕ್ಷಮಾ ಮಾಡ್ರಿ. ತಗೀತೀನಿ. ಆದ್ರ ಒಂದು ಮಾತು. ನಿನ್ನೆ ಹಿಂದಿನಿಂದ ಒಬ್ಬ ಅಮ್ಮ ಹಾಡಿದ್ರಲ್ಲ, ನೀವೂ ಅಲ್ಲೇ ಕುಂತಿದ್ರಿ, ಯಾರಂತ ನೋಡಿದ್ರೇನು? ಮೌನಿಕಾ ಮುಂಜಾನಿಂದ ನನ್ನ ತಲಿ ತಿನ್ನಾಕತ್ತಾಳ. ಆಕಿ ಸಿಕ್ರ ನನ್ನ ಹಾಡು ಪೂರಾ ಆಗತೈತ್ರಿ.”

“ಕತ್ತಲಿತ್ತಲ್ರಿ,” ಎಂದಳು ಸಂಘಮಿತ್ರಾ. “ನಾ ಸರಿಯಾಗಿ ನೋಡಲಿಲ್ಲ.”

“ಹುಡುಕ್ತೀನಿ ಬಿಡ್ರಿ. ಬಳ್ಳಾರಿ ಏನು ಮಹಾ ದೊಡ್ಡ ಊರು?”

ಬಸ್ಸಿನ ಕಿಟಕಿಯಿಂದ ಅವ್ವ ಕೈಸನ್ನೆ ಮಾಡಲಿಲ್ಲ, ಕೂಗಿಯೇ ಕರೆದಳು. ಹತ್ತಿರ ಹೋದರೆ, “ಆಕಿ ಹೆಸರು ಕೇಳೋದು ಮರೀಬ್ಯಾಡ. ಈ ನಾಟಿಗೆ ನಾ ಹೊಂಟೀನಿ. ಆಕಿ ಬಂದ್ರ ಇಬ್ಬರೂ ಕೂಡಿ ಎತ್ತತೀವಿ, ಇಬ್ಬರದು ಸೇರಿದ್ರ ಒಂದು ಧ್ವನಿ ಆದೀತು,” ಎಂದಳು. ಬಸ್ಸು ಹಿಂದಕ್ಕೆ ಸರಿದು ತಿರುಗಿಕೊಂಡಿತು.

ಸಂಘಮಿತ್ರಾ ಅಲ್ಲೇ ನಿಂತಳು. ಅವ್ವ ಕರೆದವಳನ್ನು ಹುಡುಕುತ್ತಿದ್ದಾಳೆ. ಗವಿಸಿದ್ದೇಶ್, ಮೌನಿಕಾ ಸೊಲ್ಲು ಹಿಡಿದವಳನ್ನು ಹುಡುಕುತ್ತಿದ್ದಾರೆ. ಹುಡುಕುವ ಎರಡೂ ಕಡೆಗೆ ಒಬ್ಬಳೇ ಹೆಂಗಸು, ಅದು ಗೊತ್ತಿರುವುದು ತನಗೊಬ್ಬಳಿಗೆ. ಹೇಳಿದರೆ ಹಾಡು ಪೂರ್ತಿಯಾಗುತ್ತದೆ, ಅವ್ವನ ಬಾಯಿ ಮತ್ತೆ ಮುಚ್ಚುತ್ತದೆ. ಅಥವಾ ಮುಚ್ಚುವುದಿಲ್ಲವೋ? ಅದು ನಿನ್ನದೇ ಧ್ವನಿ, ನನಗಿಂತ ಚಲೋ ಎಂದೆಯಲ್ಲ ಅದು ನಿನ್ನದೇ ಎಂದರೆ ಅವ್ವ ಹಿಗ್ಗುತ್ತಾಳೋ, ಯಾರಿಗೂ ಕೇಳಿಸಬೇಡ ಎಂದಿದ್ದೆನಲ್ಲ ಎಂದು ಕುಸಿಯುತ್ತಾಳೋ? ಹೇಳದಿರುವುದು ಅವ್ವನಿಗಾಗಿಯೋ, ಆ ಸಂದೇಶ ದಾಟಿಸಿದ ತನ್ನ ಮುಖ ಉಳಿಸಿಕೊಳ್ಳಲಿಕ್ಕೋ? ಎಷ್ಟು ತಿರುವಿ ನೋಡಿದರೂ ಬೇರೆ ಬೇರೆ ಮಾಡಲು ಆಗಲಿಲ್ಲ.

ಬಸ್ಸು ಗೇಟು ದಾಟುವಾಗ ಅವ್ವನ ಮಾತು ಇನ್ನೂ ಕೇಳುತ್ತಿತ್ತು. ಪಕ್ಕದ ಸೀಟಿನವಳಿಗೆ ಅದೇನೋ ಹೇಳುತ್ತಿದ್ದಳು. ಗವಿಸಿದ್ದೇಶನಿಗೆ ಹೇಳುವುದು ಬೇಡ, ಮೌನಿಕಾಗೂ ಬೇಡ, ಗಂಡನಿಗೂ ಬೇಡ. ಅವ್ವನಿಗಂತೂ ಎಂದಿಗೂ ಬೇಡ. ಇದು ಸರಿಯೋ ತಪ್ಪೋ ಎಂಬುದನ್ನು ಅಲ್ಲಿಗೇ ಬಿಟ್ಟು, ಯಾರಿಗೂ ಹೇಳಬಾರದು ಎಂಬುದೊಂದನ್ನು ಮಾತ್ರ ಗಟ್ಟಿ ಮಾಡಿಕೊಂಡು ಅವಳು ಕಾಲೇಜಿನ ಕಡೆ ನಡೆದಳು.